ಮಗ್ಗದ ಮಗ್ಗುಲಲ್ಲಿ ಕಲಿತ ವಿದ್ಯೆ

ಊರುಗಳ ಇತಿಹಾಸವನ್ನು ಬರೆದವರು ಕೋಟೆ ಕಟ್ಟಿಸಿದ ಪಾಳೆಯಗಾರನ ಹೆಸರನ್ನೂ, ಅದನ್ನು ಮುತ್ತಿದ ದಳವಾಯಿಯ ಹೆಸರನ್ನೂ, ದೇವಸ್ಥಾನಕ್ಕೆ ಭೂಮಿ ಬಿಟ್ಟ ದಾನಿಯ ಹೆಸರನ್ನೂ ಶ್ರದ್ಧೆಯಿಂದ ಬರೆದಿಟ್ಟಿದ್ದಾರೆ. ಆದರೆ ಆ ಊರಿನ ಜನ ತಮ್ಮ ಹೊಟ್ಟೆಪಾಡಿನ ಕಸಬನ್ನು ಯಾರಿಂದ, ಯಾವ ಕ್ರಮದಲ್ಲಿ ಕಲಿತರೆಂಬುದನ್ನೂ, ಕಲಿಯುವ ಕಾಲದಲ್ಲಿ ಅವರ ಅನ್ನಕ್ಕೆ ಯಾರು ದಾರಿಮಾಡಿದರೆಂಬುದನ್ನೂ ಬರೆಯಬೇಕೆಂದು ಅವರಿಗೆ ತೋರಲಿಲ್ಲ. ದೊಡ್ಡಬಳ್ಳಾಪುರದ ವಿಷಯದಲ್ಲಿ ಈ ಲೋಪ ಎದ್ದು ಕಾಣುತ್ತದೆ. ಆ ಊರು ಮೊಗಲರ ಸಿರಾ ಸುಬೆಗೆ ಸೇರಿದ್ದಿತೆಂಬುದೂ, ಅಲ್ಲಿಯ ಜಹಗೀರುದಾರನಾಗಿದ್ದ ಅಬ್ಬಾಸ್ ಕುಲಿ ಖಾನನು ಸತ್ತ ತಂದೆಯ ಬಾಕಿಯ ನೆಪದಲ್ಲಿ ಬಾಲಕ ಹೈದರನನ್ನು ನಗಾರಿಯೊಳಕ್ಕೆ ತುರುಕಿ ಬಾರಿಸಿ ಹಿಂಸಿಸಿದನೆಂದು ಇತಿಹಾಸಕಾರ ವಿಲ್ಕ್ಸ್ ಬರೆದಿಟ್ಟ ಕಥೆಯೂ, 1761ರಲ್ಲಿ ಆ ಬಾಲಕನೇ ದೊಡ್ಡವನಾಗಿ ಸೈನ್ಯ ಸಮೇತ ಬಂದು ಊರನ್ನು ವಶಪಡಿಸಿಕೊಂಡದ್ದೂ ಇತಿಹಾಸ ಓದಿದವರೆಲ್ಲ ಬಲ್ಲ ಸಂಗತಿಗಳು. ಅದೇ ಊರಿನ ಹೆಸರನ್ನು ನಾಡಿನ ಹೆಂಗಸರ ಸೀರೆಯ ಪೆಟ್ಟಿಗೆಗಳವರೆಗೆ ಕೊಂಡೊಯ್ದ ನೇಕಾರನ ವಿದ್ಯಾಭ್ಯಾಸದ ಸಂಗತಿಯಾದರೋ ಯಾವ ಬಖೈರಿನಲ್ಲಿಯೂ ಇಲ್ಲ.

ಈಗಿನ ದೊಡ್ಡ ಸಂಸ್ಥೆಗಳಲ್ಲಿ ತರಬೇತಿಗೆಂದೇ ಒಂದು ವಿಭಾಗವಿರುತ್ತದೆ. ಅದಕ್ಕೊಬ್ಬ ಅಧಿಕಾರಿಯೂ, ವರ್ಷಕ್ಕಿಷ್ಟೆಂದು ಗೊತ್ತುಮಾಡಿದ ಹಣವೂ, ಕಲಿತವರಿಂದ ಸಂಸ್ಥೆಗೆ ಬಂದ ಲಾಭವನ್ನು ಅಳೆಯುವ ಪಟ್ಟಿಗಳೂ ಇರುತ್ತವೆ. ಕೆಲಸಗಾರನಿಗೆ ಕೆಲಸದ ಜಾಗದಲ್ಲಿಯೇ ಕಲಿಸಿದರೆ ವ್ಯವಹಾರ ವೃದ್ಧಿಯಾಗುತ್ತದೆಂಬುದನ್ನು ಮೊನ್ನೆ ಮೊನ್ನೆ ಕಂಡುಹಿಡಿದ ತತ್ತ್ವವೆಂಬಂತೆ ಹೇಳುವವರೂ ಇದ್ದಾರೆ. 1986ರಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆಯೆಂಬ ಹೆಸರು ಪಡೆದ ಈ ಸೀಮೆಯಲ್ಲಿ ಕೆಲಸದ ಜಾಗವಲ್ಲದೆ ಬೇರೊಂದು ಪಾಠಶಾಲೆ ಕಸಬುದಾರನಿಗೆ ಇದ್ದದ್ದೇ ಅಪರೂಪ. ಕಾಲಕಾಲಕ್ಕೆ ಇಲ್ಲಿ ಪಲ್ಲಟವಾಗುತ್ತ ಬಂದದ್ದು ಎರಡು ಸಂಗತಿಗಳು: ಆ ಕಲಿಕೆಯ ಖರ್ಚನ್ನು ಹೊತ್ತವರು ಯಾರು, ಫಲವನ್ನು ಉಂಡವರು ಯಾರು ಎಂಬುದು. ಈ ಸೂತ್ರವನ್ನು ಹಿಡಿದು ಹೋದರೆ ದೊಡ್ಡಬಳ್ಳಾಪುರದ ಇನ್ನೂರು ವರ್ಷಗಳ ಚರಿತ್ರೆ ಒಂದು ಹದಕ್ಕೆ ಬರುತ್ತದೆಂದು ನನ್ನ ಭಾವನೆ.

ಶ್ರೀರಂಗಪಟ್ಟಣ ಬಿದ್ದ ಮರುವರ್ಷ, ಎಂದರೆ 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಮದರಾಸಿನಿಂದ ಹೊರಟು ಮೈಸೂರು ಸೀಮೆಯನ್ನು ಸುತ್ತಿದ ವೈದ್ಯ ಫ್ರಾನ್ಸಿಸ್ ಬುಕಾನನ್, ತಾನು ಕಂಡದ್ದನ್ನೂ ಕೇಳಿದ್ದನ್ನೂ ದಿನಚರಿಯಂತೆ ಬರೆದಿಟ್ಟು 1807ರಲ್ಲಿ ಮೂರು ಸಂಪುಟಗಳಾಗಿ ಪ್ರಕಟಿಸಿದನು. ಬೆಂಗಳೂರಿನ ನೇಕಾರರನ್ನು ಕುರಿತು ಅವನು ಬರೆದ ಪುಟಗಳು ಈ ಕಸಬಿನ ಚರಿತ್ರೆಗೆ ಅಮೂಲ್ಯವಾದುವು. ಪಟ್ಟೇಗಾರರು, ಖತ್ರಿಗಳು, ದೇವಾಂಗರು, ತೊಗಟರು ಎಂದು ಅವನು ಪಂಗಡಗಳನ್ನು ಬೇರೆಬೇರೆಯಾಗಿ ಹೆಸರಿಸುತ್ತಾನೆ. ರೇಷ್ಮೆಯನ್ನು ನೇಯುವ ಪಟ್ಟೇಗಾರರು ತಮ್ಮ ರೇಷ್ಮೆಯ ಬಹುಭಾಗಕ್ಕೆ ತಾವೇ ಬಣ್ಣ ಕಟ್ಟಿಕೊಳ್ಳುತ್ತಾರೆಂದು ಹೇಳಿ, ಹಸಿ ರೇಷ್ಮೆಯ ಅಂಟನ್ನು ಬೇಯಿಸಿ ತೆಗೆಯುವ ಬಗೆ, ಅರಗಿನಿಂದ ಕೆಂಪು ಬಣ್ಣ ತರುವ ಬಗೆ ಇವನ್ನೆಲ್ಲ ಅವರ ಬಾಯಿಂದಲೇ ಕೇಳಿ ಬರೆದುಕೊಂಡಿದ್ದಾನೆ. ಬಣ್ಣ, ಬೆಲೆ, ಕೂಲಿ, ವರ್ತಕನ ಮುಂಗಡ ಎಲ್ಲವನ್ನೂ ವಿಚಾರಿಸಿದ ಆ ಕುತೂಹಲಿಯು, ಈ ವಿದ್ಯೆ ಮಕ್ಕಳಿಗೆ ದಾಟುವ ರೀತಿಯನ್ನು ಕುರಿತು ಮಾತ್ರ ಇಷ್ಟು ವಿಸ್ತಾರವಾಗಿ ಬರೆಯಲಿಲ್ಲ. ಅವನ ಕಣ್ಣಿಗೆ ಅದು ಬಿದ್ದಿರಲಾರದೆಂದಲ್ಲ. ಮನೆಯೊಳಗಿನ ಗುಂಡಿಮಗ್ಗದ ಪಕ್ಕದಲ್ಲಿ ಕುಳಿತ ಹುಡುಗ ಅವನಿಗೆ ಸಹಾಯಕನಂತೆ ಕಂಡಿರಬೇಕು, ವಿದ್ಯಾರ್ಥಿಯಂತೆ ಅಲ್ಲ.

ಆ ಹುಡುಗನ ವಿದ್ಯಾಭ್ಯಾಸದ ಕ್ರಮವನ್ನು ಸ್ವಲ್ಪ ವಿವರವಾಗಿ ನೋಡಬೇಕು. ಈ ಶತಮಾನದ ಯಾವ ತರಬೇತಿ ಅಧಿಕಾರಿಯೂ ತಲೆದೂಗಬೇಕಾದಷ್ಟು ಯುಕ್ತಿ ಅದರಲ್ಲಿ ಅಡಗಿದ್ದಿತು. ಆರೇಳು ವರ್ಷದ ಮಗುವನ್ನು ಮೊದಲು ಕೂರಿಸುತ್ತಿದ್ದುದು ರಾಟೆಯ ಮುಂದೆ. ಲಾಳಿಯೊಳಗೆ ಇಡುವ ಕಂಡಿಕೆಗೆ ಹೊಕ್ಕಿನ ನೂಲನ್ನು ಸುತ್ತುವುದು ಅದರ ಕೆಲಸ. ನೋಡುವವರಿಗೆ ಇದು ಮಕ್ಕಳಾಟದಂತೆ ಕಂಡರೂ, ಸುತ್ತು ಸಡಿಲವಾದರೆ ನೂಲು ಲಾಳಿಯೊಳಗೆ ಕುಸಿದು ಗೋಜಾಗುವುದೆಂದೂ, ಬಿಗಿಯಾದರೆ ಎಳೆ ಹರಿಯುವುದೆಂದೂ ಮಗುವಿನ ಬೆರಳಿಗೆ ತಾನಾಗಿ ತಿಳಿದುಬರುತ್ತಿದ್ದುದು ಇಲ್ಲಿಯೇ. ಹರಿದ ಎಳೆಗೆ ಗಂಟಿನ ಗುರುತು ಬಟ್ಟೆಯಲ್ಲಿ ಕಾಣದಂತೆ ಗಂಟು ಹಾಕುವುದು ಎರಡನೆಯ ಪಾಠ. ಅನಂತರ ಬೀದಿಯ ಪಾಠ. ನೇಕಾರರ ಬೀದಿಗಳು ಉದ್ದವಾಗಿಯೂ ನೇರವಾಗಿಯೂ ಇರಬೇಕಾದದ್ದು ತೇರಿಗಾಗಿ ಮಾತ್ರವಲ್ಲ. ಬಿಸಿಲೇರುವ ಮೊದಲು ನೂಲಿನ ಹಾಸನ್ನು ಈ ತುದಿಯಿಂದ ಆ ತುದಿಗೆ ಚಾಚಿ, ಗಂಜಿ ಹಚ್ಚಿ, ಕುಂಚದಿಂದ ನೀವಿ ಒಣಗಿಸಬೇಕಾಗಿತ್ತು, ಮನೆಮಂದಿಯೆಲ್ಲ ಅದಕ್ಕೆ ಕೈಹಾಕಬೇಕಾಗಿತ್ತು. ಮುಗಿದ ಹಾಸಿನ ಕೊನೆಗಳಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಬೆರಳಿನಿಂದ ಹೊಸೆದು ಕೆಚ್ಚುವುದು ಇನ್ನೂ ಮೇಲಿನ ತರಗತಿ. ಸಾವಿರಾರು ಎಳೆಗಳಲ್ಲಿ ಒಂದು ಹಿಂದುಮುಂದಾದರೂ ಸೀರೆಯ ಉದ್ದಕ್ಕೂ ಅದರ ಗೆರೆ ಉಳಿಯುತ್ತಿತ್ತು.

ಈ ಕ್ರಮಕ್ಕೆ ಆಧಾರವಾಗಿದ್ದ ನಿಯಮವನ್ನು ಯಾರೂ ಬಾಯಿಬಿಟ್ಟು ಹೇಳಿದಂತೆ ಕಾಣದು; ಆದರೆ ಕೆಲಸಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ ಅದು ಸ್ಪಷ್ಟವಾಗುತ್ತದೆ. ತಪ್ಪಿದರೆ ಅತ್ಯಲ್ಪ ನಷ್ಟವಾಗುವ ಕೆಲಸ ಅತ್ಯಂತ ಎಳೆಯ ಕೈಗೆ. ತಪ್ಪಿದರೆ ಇಡೀ ಹಾಸೇ ಕೆಡುವ ಕೆಲಸ ಹಿರಿಯನ ಕೈಗೆ. ಕೆಟ್ಟ ಕಂಡಿಕೆಯಿಂದ ಹೋಗುವುದು ಹಿಡಿ ನೂಲು, ಕೆಟ್ಟ ಹಾಸಿನಿಂದ ಹೋಗುವುದು ಹಲವು ಸೀರೆ. ಆದುದರಿಂದ ಹುಡುಗನ ಅಜ್ಞಾನಕ್ಕೆ ಮನೆಯು ತೆರಬೇಕಾಗಿದ್ದ ದಂಡವು ಯಾವಾಗಲೂ ಮನೆಯ ತಾಳಿಕೆಯ ಮಿತಿಯೊಳಗೇ ಇರುತ್ತಿತ್ತು. ಮಗ್ಗಕ್ಕೆ ಇಳಿಯುವ ಸರದಿ ಬಂದಾಗಲೂ ಅಷ್ಟೆ: ತಂದೆ ಊಟಕ್ಕೆದ್ದ ಹೊತ್ತಿನಲ್ಲಿ ಮಗ ಗುಂಡಿಯಲ್ಲಿ ಕಾಲಿಳಿಬಿಟ್ಟು, ಸೀರೆಯ ಮೈಯಲ್ಲಿ, ಅಂಚಿನ ತಂಟೆಯಿಲ್ಲದ ಬರಿಯ ಬಟ್ಟೆಯಲ್ಲಿ, ಒಂದು ಗೇಣು ನೇಯುವನು, ಊಟ ಮುಗಿಸಿ ಬಂದ ತಂದೆ ಬೆರಳಾಡಿಸಿ ನೋಡುವನು, ಹೊಕ್ಕು ಒಂದೆಡೆ ದಟ್ಟವಾಗಿ ಒಂದೆಡೆ ವಿರಳವಾಗಿ ಬಿದ್ದಿದ್ದರೆ ಬಿಚ್ಚುವನು. ಸೆರಗು ಮಾತ್ರ ಬಹುಕಾಲ ತಂದೆಯ ಕೈಯಲ್ಲಿಯೇ ಉಳಿಯುವುದು. ಕೊನೆಯ ಪರೀಕ್ಷಕನು ಸಾಹುಕಾರ. ಅವನು ಸೀರೆಯನ್ನು ಬೆಳಕಿಗೆ ಹಿಡಿದು ಪಟ್ಟೆ ಕಂಡಲ್ಲಿ ಬೆಲೆ ಕತ್ತರಿಸಿದನೆಂದರೆ, ಆ ವಾರದ ಪಾಠದಲ್ಲಿ ಮಗ ಎಷ್ಟನೇ ತರಗತಿಯಲ್ಲಿದ್ದಾನೆಂಬುದು ಮನೆಗೆಲ್ಲ ಗೊತ್ತಾಗುತ್ತಿತ್ತು.

ಮೈಗೊಂದು ಬಣ್ಣ, ಎರಡಂಚಿಗೆ ಬೇರೊಂದು ಬಣ್ಣ ಇರುವ ಸೀರೆಗೆ ಮೂರು ಲಾಳಿ ಬೇಕು. ಅಂಚಿನ ಲಾಳಿಯೊಂದನ್ನು ತೂರಿಕೊಡಲು ಮಗ್ಗದ ಮಗ್ಗುಲಲ್ಲಿ ಇನ್ನೊಬ್ಬರು ಕುಳಿತಿರಬೇಕು. ಕುಳಿತಿರುತ್ತಿದ್ದವನು ಸಾಮಾನ್ಯವಾಗಿ ಮನೆಯ ಹುಡುಗ. ದಿನವೆಲ್ಲ ತಂದೆಯ ಕೈಯ ಲಯಕ್ಕೆ ತನ್ನ ಕೈಯ ಲಯವನ್ನು ಹೊಂದಿಸುತ್ತ ಕುಳಿತವನಿಗೆ ಬೇರೆ ಉಪದೇಶದ ಅಗತ್ಯವೇನು? ಚಿತ್ತಾರದ ಸೆರಗಿಗಾಗಿ ಮೇಲಿಂದ ಇಳಿಬಿಟ್ಟ ದಾರಗಳನ್ನು ಗೊತ್ತಾದ ಸರದಿಯಲ್ಲಿ ಎಳೆಯುವುದೂ ಇಂಥ ಹುಡುಗರ ಕೆಲಸವಾಗಿದ್ದಿತು; ವಿನ್ಯಾಸವನ್ನೆಲ್ಲ ಅವರು ನೆನಪಿನಲ್ಲಿಟ್ಟುಕೊಂಡಿರಬೇಕಾಗಿತ್ತು. ಫ್ರಾನ್ಸಿನ ಲಿಯೋನ್ ನಗರದಲ್ಲಿ 1804ರ ಸುಮಾರಿಗೆ ಜಕಾರ್ಡ್ ಎಂಬಾತ ಸಿದ್ಧಪಡಿಸಿದ ಯಂತ್ರವು, ಒಂದು ಶತಮಾನಕ್ಕೂ ಮೀರಿದ ಕಾಲಾನಂತರ ನಮ್ಮ ಮಗ್ಗಗಳ ಮೇಲೇರಿದಾಗ, ರಂಧ್ರ ಕೊರೆದ ಕಾರ್ಡುಗಳ ಮಾಲೆಯು ಆ ಹುಡುಗನ ನೆನಪಿನ ಸ್ಥಾನವನ್ನು ಆಕ್ರಮಿಸಿತು. ಹುಡುಗನಿಗೆ ಶ್ರಮ ತಪ್ಪಿತು, ನಿಜ. ಸೆರಗಿನ ವಿನ್ಯಾಸ ಹುಟ್ಟುವ ಬಗೆಯನ್ನು ಕುಳಿತಲ್ಲಿಯೇ ಕಲಿಯುವ ಸಂದರ್ಭವೂ ಅದರೊಂದಿಗೇ ತಪ್ಪಿತು.

ಈ ಮನೆಯ ಪಾಠಶಾಲೆಯನ್ನು ಹೊಗಳಿ ಮುಗಿಸಿಬಿಡುವುದು ಸುಲಭ. ಹಾಗೆ ಹೊಗಳಿದವರು ಬಹುಮಂದಿ ಇದ್ದಾರೆ, ಅವರಲ್ಲಿ ರಾತ್ರಿಯ ಎಣ್ಣೆದೀಪದಲ್ಲಿ ಕಂಡಿಕೆ ಸುತ್ತಿದವರು ಕಡಮೆ. ಕಲಿಕೆಯ ಖರ್ಚನ್ನೆಲ್ಲ ಮನೆ ಹೊರುತ್ತಿದ್ದಿತೆಂದರೆ, ಮನೆಯ ಪರವಾಗಿ ಮಗುವೇ ಹೊರುತ್ತಿದ್ದಿತೆಂದು ಅರ್ಥ: ಅಕ್ಷರದ ಶಾಲೆಗೆ ಹೋಗದೆ, ಕೂಲಿಯಿಲ್ಲದೆ. ಫಲದಲ್ಲಿ ದೊಡ್ಡ ಪಾಲು ಮುಂಗಡ ಕೊಟ್ಟ ವರ್ತಕನಿಗೆ ಸಲ್ಲುತ್ತಿದ್ದಿತು. ಒಬ್ಬ ಕೆಲಸಗಾರನನ್ನು ಸಿದ್ಧಪಡಿಸುವ ಹತ್ತು ಹನ್ನೆರಡು ವರ್ಷಗಳ ಖರ್ಚಿನಲ್ಲಿ ಒಂದು ಕಾಸನ್ನೂ ಕೊಡದೆ ಸಿದ್ಧ ಕೌಶಲವನ್ನು ಕೊಳ್ಳುವ ಅನುಕೂಲ ಅವನಿಗಿತ್ತು. ಹೆಣ್ಣುಮಕ್ಕಳು ರಾಟೆ, ಹಾಸು, ಕೆಚ್ಚುವಿಕೆ ಎಲ್ಲವನ್ನೂ ಕಲಿತು, ಮಗ್ಗಕ್ಕಿಳಿಯುವ ಮೆಟ್ಟಲಿನಲ್ಲಿ ಸಾಮಾನ್ಯವಾಗಿ ನಿಂತುಬಿಡುತ್ತಿದ್ದರು. ನೇಕಾರನೆಂಬ ಹೆಸರೂ ಆ ಹೆಸರಿಗೆ ಬರುವ ಕೂಲಿಯೂ ಗಂಡಸಿನವು. ಹೊರಜಾತಿಯವನಿಗೆ ಹೊಸಿಲು ದಾಟುವ ಮಾತೇ ಇರಲಿಲ್ಲ. ದೇವಲ ಮಹರ್ಷಿಯು ದೇವತೆಗಳಿಗೆ ವಸ್ತ್ರ ನೇಯಲು ವಿಷ್ಣುವಿನ ನಾಭಿಕಮಲದಿಂದ ನೂಲನ್ನು ತಂದನೆಂದೂ, ದಾರಿಯಲ್ಲಿ ಅಡ್ಡಗಟ್ಟಿದ ರಾಕ್ಷಸರನ್ನು ಚೌಡೇಶ್ವರಿ ಸಂಹರಿಸಲು ಅವರ ರಕ್ತದಲ್ಲಿ ನೂಲನ್ನದ್ದಿ ಐದು ಬಣ್ಣಗಳನ್ನು ಪಡೆದನೆಂದೂ ದೇವಾಂಗರ ಪುರಾಣ ಹೇಳುತ್ತದೆ. ವಿದ್ಯೆಯು ಕುಲಕ್ಕೆ ದೇವದತ್ತವಾದದ್ದೆಂದು ನಂಬಿದ ಮೇಲೆ ಅದನ್ನು ಪರರಿಗೆ ಕಲಿಸುವ ಪ್ರಶ್ನೆಯೇ ಏಳದು. ಇಂಥ ಗುಟ್ಟಿನ ವಿದ್ಯೆಗೆ ಒಂದು ಅಪಾಯವುಂಟು: ಜರ್ಮನಿಯ ಕಾರ್ಖಾನೆಗಳ ಬಣ್ಣಗಳು ಹತ್ತೊಂಬತ್ತನೆಯ ಶತಮಾನದ ಕೊನೆಗೆ ಪೇಟೆಯನ್ನು ತುಂಬಿದಾಗ, ಬುಕಾನನ್ ಬರೆದುಕೊಂಡಿದ್ದ ಅರಗಿನ ಕೆಂಪು ಮನೆಗಳಿಂದ ಮಾಯವಾಗಲು ಹೆಚ್ಚು ತಲೆಮಾರುಗಳು ಬೇಕಾಗಲಿಲ್ಲ.

ಇನ್ನು ಸರ್ಕಾರ ಗುರುವಾದ ಕಥೆ. ಅದರ ಮೊದಲ ಪುಟವನ್ನು ಇದೇ ಜಿಲ್ಲೆಯ ದೇವನಹಳ್ಳಿಯಲ್ಲಿ ಹುಟ್ಟಿದ ಟೀಪು ಸುಲ್ತಾನನ ಕಾಗದಗಳಲ್ಲಿ ಓದಬಹುದು. 1786ರಲ್ಲಿ ಅವನು ಶ್ರೀರಂಗಪಟ್ಟಣದ ಕಿಲ್ಲೇದಾರನಿಗೆ ಬರೆಸಿದ ಪತ್ರವೊಂದರಲ್ಲಿ, ರೇಷ್ಮೆಹುಳುಗಳನ್ನು ತರಲು ಬಂಗಾಳಕ್ಕೆ ಹೋಗಿದ್ದ ಬುರ್ಹಾನುದ್ದೀನ್ ಮತ್ತು ಕಸ್ತೂರಿ ರಂಗ ಎಂಬಿಬ್ಬರು ಹಿಂದಿರುಗುತ್ತಿದ್ದಾರೆಂದೂ, ಹುಳುಗಳನ್ನು ಎಂಥ ಸ್ಥಳದಲ್ಲಿರಿಸಬೇಕು, ಹೇಗೆ ವೃದ್ಧಿಪಡಿಸಬೇಕೆಂಬುದನ್ನು ಅವರನ್ನೇ ಕೇಳಿ ತಿಳಿದುಕೊಳ್ಳಬೇಕೆಂದೂ ಅಪ್ಪಣೆ ಮಾಡಿದ್ದಾನೆ. ಹೊಸ ಕಸಬೊಂದು ನಾಡಿಗೆ ಬರಬೇಕಾದರೆ ಹುಳು ಬಂದರೆ ಸಾಲದು, ಹುಳುವಿನ ಮರ್ಮ ಬಲ್ಲವನೂ ಬರಬೇಕೆಂಬ ವಿವೇಕ ಇಲ್ಲಿದೆ. ಕಲಿಕೆಯ ಖರ್ಚು ಇಲ್ಲಿ ಮೊಟ್ಟಮೊದಲಿಗೆ ಬೊಕ್ಕಸಕ್ಕೆ ಬಿದ್ದಿತು. ಒಂದು ಶತಮಾನದ ಮೇಲೆ, 1896ರಲ್ಲಿ, ಜೆಮ್‌ಶೇಟ್‌ಜಿ ಟಾಟಾ ಬೆಂಗಳೂರಿನಲ್ಲಿ ರೇಷ್ಮೆಯ ತೋಟವನ್ನು ತೆರೆದಾಗಲೂ ಜಪಾನಿನಿಂದ ತಜ್ಞರನ್ನೇ ಕರೆಸಿ ಕಲಿಯಬಂದವರಿಗೆ ಹುಳು ಸಾಕುವುದನ್ನೂ ನೂಲು ಬಿಚ್ಚುವುದನ್ನೂ ಕೈಯಾರೆ ಮಾಡಿ ತೋರಿಸುವ ಏರ್ಪಾಡು ಮಾಡಿದನು. ಬಸವನಗುಡಿಯ ಬಳಿ ಆ ತೋಟ ಹೋಗಿ ಹೆಸರು ಮಾತ್ರ ಉಳಿದಿದೆ. ದೇವನಹಳ್ಳಿ ತಾಲ್ಲೂಕಿನ ವಿಜಯಪುರದಂಥ ಊರುಗಳಲ್ಲಿ ರೇಷ್ಮೆ ನೆಲೆಯೂರಿತು. ಹುಳುವಿಗೆ ಬರುವ ನಾಲ್ಕು ‘ಜ್ವರ’ಗಳನ್ನು ಲೆಕ್ಕವಿಟ್ಟು ಸೊಪ್ಪು ಹಾಕುವುದನ್ನೂ, ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಡುವುದನ್ನೂ, ಕುದಿನೀರಿನಲ್ಲಿ ಬೆಂದ ಗೂಡಿನಿಂದ ಎಳೆಯ ತುದಿಯನ್ನು ಹೆಕ್ಕುವುದನ್ನೂ ಅಲ್ಲಿಯ ಹೆಂಗಸರು ಬೆರಳು ಸುಟ್ಟುಕೊಂಡೇ ಕಲಿತರು.

ವಿಶ್ವೇಶ್ವರಯ್ಯನವರು 1912ರಲ್ಲಿ ದಿವಾನರಾದ ಮೇಲೆ ಕಸಬು ಕಲಿಸುವುದು ರಾಜ್ಯದ ಕರ್ತವ್ಯವೆಂಬ ಭಾವನೆಗೆ ಕಚೇರಿಯ ರೂಪ ಬಂದಿತು. ಮೈಸೂರಿನಲ್ಲಿ ಸರ್ಕಾರದ ರೇಷ್ಮೆ ನೇಯ್ಗೆಯ ಕಾರ್ಖಾನೆ ಆರಂಭವಾದದ್ದೂ ಆ ವರ್ಷವೇ. ರೇಷ್ಮೆಯ ಇಲಾಖೆಗೆ ಇಟಲಿಯಿಂದ ವಾಷಿಂಗ್ಟನ್ ಮಾರಿ ಎಂಬ ತಜ್ಞ ಬಂದನು. ಕೈಗಾರಿಕೆಗಳಿಗೆ ಮದರಾಸಿನಿಂದ ಆಲ್ಫ್ರೆಡ್ ಚಾಟರ್ಟನ್ ಬಂದನು. ಈ ಚಾಟರ್ಟನ್ನನ ಬೆನ್ನಹಿಂದೆ ಸೇಲಂನ ಅನುಭವವೊಂದಿದ್ದಿತು. ನಮ್ಮ ವಿಷಯಕ್ಕೆ ಅದು ಬಹು ಮುಖ್ಯವಾದದ್ದು. ಲಾಳಿಯನ್ನು ಕೈಯಿಂದ ಕೈಗೆ ಎಸೆಯುವ ಬದಲು ಹಗ್ಗ ಸೆಳೆದು ಹಾರಿಸುವ ಸಲಕರಣೆಯನ್ನು ನೇಕಾರರಿಗೆ ಕಲಿಸಿ, ಅವರನ್ನೆಲ್ಲ ಒಂದು ಸೂರಿನಡಿ ಕೂಡಿಸಿ ಕೂಲಿ ಕೊಟ್ಟು ನೇಯಿಸಿದರೆ ಉತ್ಪತ್ತಿ ಹೆಚ್ಚೀತೆಂದು ಅವನು 1906ರಲ್ಲಿ ಸೇಲಂನಲ್ಲಿ ಸರ್ಕಾರದ ನೇಯ್ಗೆಯ ಕಾರ್ಖಾನೆಯನ್ನು ತೆರೆಸಿದ್ದನು. ನೇಕಾರರಿಗೆ ಹೊಸ ಲಾಳಿ ಹಿಡಿಸಿತು, ಕಾರ್ಖಾನೆ ಹಿಡಿಸಲಿಲ್ಲ. ಗಂಟೆಯ ಶಿಸ್ತು ಅವರಿಗೆ ಒಗ್ಗಲಿಲ್ಲವೆಂದು ಅಧಿಕಾರಿಗಳು ಹೇಳಿದರು. ಅದಕ್ಕಿಂತ ಗಟ್ಟಿಯಾದ ಕಾರಣವೆಂದರೆ ಮನೆಯಲ್ಲಿ ಹೆಂಡತಿ ಮಕ್ಕಳ ಸಹಾಯದಿಂದ ನಡೆಯುತ್ತಿದ್ದ ಕೆಲಸವನ್ನು ಕಾರ್ಖಾನೆಯಲ್ಲಿ ಒಂಟಿಯಾಗಿ ಮಾಡಬೇಕಾದದ್ದು. ಮನೆಯ ಪಾಠಶಾಲೆ ಮುಚ್ಚಿದರೆ ಮಗನಿಗೆ ಕಲಿಸುವವರು ಯಾರೆಂಬ ಯೋಚನೆಯೂ ಅವರಲ್ಲಿ ಇದ್ದಿರಬೇಕೆಂದು ನಾನು ಊಹಿಸುತ್ತೇನೆ. 1910ರಲ್ಲಿ, ಸರ್ಕಾರ ಸ್ವತಃ ಕೈಗಾರಿಕೆ ನಡೆಸಬಾರದೆಂಬ ಲಂಡನ್ನಿನ ಆಜ್ಞೆಯ ನೆರಳಿನಲ್ಲಿ, ಅದು ಮುಚ್ಚಿಹೋಯಿತು. ಹಾರುವ ಲಾಳಿ ಮಾತ್ರ ಯಾರ ಅಪ್ಪಣೆಯನ್ನೂ ಕಾಯದೆ ಒಂದು ಮನೆಯಿಂದ ಇನ್ನೊಂದು ಮನೆಗೆ, ಒಂದು ಊರಿನಿಂದ ಇನ್ನೊಂದು ಊರಿಗೆ ಹಬ್ಬಿತು. ನೆರೆಮನೆಯವನು ಹೊಸ ಸಲಕರಣೆಯಿಂದ ಹೆಚ್ಚು ನೇಯುತ್ತಿರುವುದನ್ನು ಕಣ್ಣಾರೆ ಕಂಡ ನೇಕಾರನಿಗೆ ಸರ್ಕಾರಿ ಉಪನ್ಯಾಸ ಬೇಕಾಗಲಿಲ್ಲ.

ಬೆಂಗಳೂರಿನಲ್ಲಿ 1938ರಲ್ಲಿ ಶ್ರೀ ಕೃಷ್ಣರಾಜೇಂದ್ರ ರಜತ ಮಹೋತ್ಸವ ತಾಂತ್ರಿಕ ಸಂಸ್ಥೆ ಸ್ಥಾಪಿತವಾಗಿ ಜವಳಿಯ ವಿದ್ಯೆಗೆ ತರಗತಿ, ಪಠ್ಯ, ಪ್ರಮಾಣಪತ್ರಗಳು ಬಂದುವು. ಅಲ್ಲಿಂದ ಹೊರಬಂದವರು ದೊಡ್ಡ ಮಿಲ್ಲುಗಳಿಗೂ ಸರ್ಕಾರಿ ಇಲಾಖೆಗಳಿಗೂ ಸಲ್ಲತಕ್ಕವರಾದರು. ಇಪ್ಪತ್ತು ಚಿಲ್ಲರೆ ಮೈಲಿ ದೂರದ ದೊಡ್ಡಬಳ್ಳಾಪುರದ ಮನೆಮಗ್ಗಕ್ಕೆ ಅದರ ಬೆಳಕು ಸುತ್ತಿ ಬಳಸಿ ತಲುಪಿತೆಂದಷ್ಟೇ ಹೇಳಬಹುದು.

ಆ ಊರಿನ ಕಸಬಿನ ಸ್ವರೂಪವನ್ನು ನಿಜವಾಗಿ ಬದಲಿಸಿದ್ದು ವಿದ್ಯುತ್ತು. ಇಂಡಿಯಾದ ಸಣ್ಣ ಊರುಗಳಿಗೆ ವಿದ್ಯುತ್ ಮಗ್ಗಗಳನ್ನು ತಂದವರು ಬಹುಮಟ್ಟಿಗೆ ಮಿಲ್ಲಿನ ಧನಿಕರಲ್ಲ, ಕೈಮಗ್ಗದ ಮನೆಗಳವರೇ. ಮಿಲ್ಲುಗಳು ಕಳಚಿ ಮಾರಿದ ಹಳೆಯ ಮಗ್ಗಗಳನ್ನು ಸಾಲ ಮಾಡಿ ತಂದು, ಗುಂಡಿಯನ್ನು ಮುಚ್ಚಿ, ನೆಲಕ್ಕೆ ಸಿಮೆಂಟು ಹಾಕಿ, ಅದೇ ನಡುಮನೆಯಲ್ಲಿ ನಿಲ್ಲಿಸಿದರು. ದೊಡ್ಡಬಳ್ಳಾಪುರದಲ್ಲಿಯೂ ಸ್ವಾತಂತ್ರ್ಯಾನಂತರದ ದಶಕಗಳಲ್ಲಿ ನಡೆದದ್ದು ಇದೇ. ಯಂತ್ರಶಾಸ್ತ್ರದ ಒಂದಕ್ಷರವನ್ನೂ ಓದದವರು ಯಂತ್ರದ ಒಡೆಯರಾಗಲು ಧೈರ್ಯ ಮಾಡಿದ್ದಾದರೂ ಹೇಗೆಂದು ಆಶ್ಚರ್ಯಪಡುವವರಿಗೆ ಉತ್ತರ ಕಂಡಿಕೆಯ ದಿನಗಳಲ್ಲಿಯೇ ಇದೆ. ಎಳೆಯ ಬಿಗಿ, ಹೊಕ್ಕಿನ ದಟ್ಟಣೆ, ಹಣಿಗೆಯ ಹದ ಇವೆಲ್ಲ ಅವರ ಬೆರಳಿನಲ್ಲಿದ್ದುವು. ಮೋಟಾರು ಕೊಟ್ಟದ್ದು ವೇಗ. ಮನೆಯಲ್ಲಿ ಕಲಿತ ಸಮಗ್ರ ವಿದ್ಯೆಯೊಂದು ವ್ಯವಹಾರದ ವೃದ್ಧಿಗೆ ಒದಗಿಬಂದ ಇಂಥ ಇನ್ನೊಂದು ನಿದರ್ಶನ ಈ ಜಿಲ್ಲೆಯ ಚರಿತ್ರೆಯಲ್ಲಿ ನನಗೆ ಕಾಣದು.

ಆದರೆ ಮೊದಲ ತಲೆಮಾರಿನ ಒಡೆಯರು ತಾವು ಕಲಿತ ರೀತಿಯಲ್ಲಿ ಮುಂದಿನವರಿಗೆ ಕಲಿಸಲಾರದೆ ಹೋದರು. ವಿದ್ಯುತ್ ಮಗ್ಗಗಳು ಓಡುತ್ತಿರುವ ಕೋಣೆಯಲ್ಲಿ ಪಕ್ಕದವನ ಮಾತು ಕಿವಿಗೆ ಬೀಳದು. ಪಾಠವೆಲ್ಲ ಸನ್ನೆಗೆ ಇಳಿಯಿತು. ನೂಲಿಗೆ ಹುರಿ ಹಾಕುವುದು ಒಂದು ಕಾರ್ಖಾನೆಗೆ, ಬಣ್ಣ ಇನ್ನೊಂದಕ್ಕೆ, ಹಾಸು ಮತ್ತೊಂದಕ್ಕೆ, ವಿನ್ಯಾಸ ಕಾರ್ಡು ಕೊರೆಯುವವನಿಗೂ ಆಮೇಲೆ ಕಂಪ್ಯೂಟರಿಗೂ ಹಂಚಿಹೋದುವು. ಹೊಸದಾಗಿ ಬಂದ ಹುಡುಗ ಮುಗಿದ ಕಂಡಿಕೆಯನ್ನು ಬದಲಿಸುವುದು, ಹರಿದ ಎಳೆಯನ್ನು ಕೂಡಿಸುವುದು, ಒಂದು ಮಗ್ಗವನ್ನು ನೋಡಿಕೊಳ್ಳುವುದು, ಅನಂತರ ಎರಡನ್ನು ನೋಡಿಕೊಳ್ಳುವುದು, ಇಷ್ಟನ್ನು ಕೆಲವೇ ತಿಂಗಳಲ್ಲಿ ಕಲಿತು ಅಲ್ಲಿಗೆ ನಿಲ್ಲುತ್ತಾನೆ. ಮಗ್ಗದ ಅಂಗಾಂಗಗಳ ಹೊಂದಾಣಿಕೆ ಬಲ್ಲವನು ಮೇಸ್ತ್ರಿ. ಅವನೊಬ್ಬನ ವಿದ್ಯೆ ಮಾತ್ರ ಹಳೆಯ ರೀತಿಯಲ್ಲಿ, ಸ್ಪ್ಯಾನರು ಹಿಡಿದು ಇನ್ನೊಬ್ಬ ಮೇಸ್ತ್ರಿಯ ಹಿಂದೆ ವರ್ಷಗಟ್ಟಲೆ ಓಡಾಡಿ ಬಂದದ್ದು. ವಿದ್ಯುತ್ ಮಗ್ಗದ ಊರುಗಳಲ್ಲಿ ಕೆಲಸಕ್ಕೆ ಸೇರುವವನಿಗೆ ಮಾಲೀಕನು ಕೊಡುವ ಮುಂಗಡವನ್ನು ಕುರಿತು ಬಹಳ ಬರೆದಿದ್ದಾರೆ. ಅದು ಸಾಲದ ಸಂಕೋಲೆಯೆಂಬುದು ದಿಟ. ಅದರಲ್ಲಿ ಇನ್ನೊಂದು ಲೆಕ್ಕಾಚಾರವೂ ಇದೆ. ತನ್ನ ನೂಲನ್ನು ಕೆಡಿಸಿಕೊಂಡು ಕಲಿಸಿದ ಹುಡುಗ ನಾಳೆ ಎದುರುಮನೆಯ ಮಗ್ಗಕ್ಕೆ ಹೋದಾನೆಂಬ ಭಯದಿಂದ, ಕಲಿಸಿದ ಖರ್ಚಿಗೆ ಮಾಲೀಕನು ಹಾಕಿದ ಬೀಗವದು. ಮನೆಯ ಪಾಠಶಾಲೆಗೆ ಇಂಥ ಬೀಗ ಬೇಕಿರಲಿಲ್ಲ, ಅಲ್ಲಿ ಕಲಿತವನು ಎಲ್ಲಿಗೂ ಹೋಗುವಂತಿರಲಿಲ್ಲ.

ಇದೇ ಊರಿನ ನೇಕಾರ ಕುಟುಂಬವೊಂದರಲ್ಲಿ 1954ರಲ್ಲಿ ಜನಿಸಿದ ಡಿ. ಆರ್. ನಾಗರಾಜ್ ಕನ್ನಡದ ಅಗ್ರಗಣ್ಯ ವಿಮರ್ಶಕರಲ್ಲೊಬ್ಬರಾಗಿ 1998ರಲ್ಲಿ ಅಕಾಲದಲ್ಲಿ ತೀರಿಕೊಂಡರು. ಅವರ ‘ಸಾಹಿತ್ಯ ಕಥನ’ಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದದ್ದು ಮರಣಾನಂತರ. ಆಧುನಿಕ ತಂತ್ರಜ್ಞಾನದ ಎದುರಿನಲ್ಲಿ ಕುಶಲಕರ್ಮಿಗಳ ಸಮುದಾಯಗಳಿಗೆ ಏನಾಯಿತೆಂಬ ಚಿಂತೆ ಅವರನ್ನು ಬಿಡದೆ ಕಾಡಿದ್ದಕ್ಕೆ, ಮಗ್ಗದ ಸದ್ದಿನಲ್ಲಿ ಬೆಳೆದ ಬಾಲ್ಯವೂ ಒಂದು ಕಾರಣವಾಗಿದ್ದೀತು.

ಕಾನೂನು ಈ ಚರಿತ್ರೆಯೊಳಗೆ ತಡವಾಗಿ ಪ್ರವೇಶಿಸಿತು. 1961ರ ಅಪ್ರೆಂಟಿಸ್ ಕಾಯಿದೆ ಕಲಿಯುವವನಿಗೂ ವೇತನವುಂಟೆಂದು ಹೇಳಿತು. ಅದು ಹುಟ್ಟಿದ್ದು ದೊಡ್ಡ ಕಾರ್ಖಾನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು, ನಾಲ್ಕು ಮಗ್ಗದ ಮನೆಗೆ ಅದರ ಸೋಂಕು ತಗಲಲಿಲ್ಲ. 1986ರ ಬಾಲಕಾರ್ಮಿಕ ಕಾಯಿದೆಯು ಮಕ್ಕಳನ್ನು ಕೆಲವು ಕಸಬುಗಳಿಂದ ಬಿಡಿಸಿತಾದರೂ ಮನೆಯವರೇ ನಡೆಸುವ ಕೆಲಸವನ್ನು ಹೊರಗಿಟ್ಟಿತು. 2016ರ ತಿದ್ದುಪಡಿಯೂ ಶಾಲೆಯ ವೇಳೆ ಕಳೆದ ಮೇಲೆ ಮನೆಯ ಕಸಬಿಗೆ ನೆರವಾಗಲು ಮಗುವಿಗೆ ಅವಕಾಶವಿಟ್ಟಿದೆ. ಆ ಅವಕಾಶವನ್ನು ಬಳಸುವ ಮನೆಗಳು ಕಡಮೆಯಾಗುತ್ತಿರುವುದಕ್ಕೆ ಕಾನೂನು ಕಾರಣವಲ್ಲ. ಮಗ ಮಗ್ಗಕ್ಕೆ ಬರುವುದು ಬೇಡವೆಂದು ಮಗ್ಗದವರೇ ನಿಶ್ಚಯಿಸಿದ್ದಾರೆ.

ಮಗನ ಮುಂದೆ ಈಗ ತೆರೆದಿರುವ ದಾರಿಗಳೂ ಬೇರೆ. ಹೊಸಕೋಟೆಯಲ್ಲಿ 1998ರಿಂದ ವೋಲ್ವೋ ಟ್ರಕ್ಕುಗಳು ತಯಾರಾಗತೊಡಗಿದುವು. ದೇವನಹಳ್ಳಿಗೆ 2008ರಲ್ಲಿ ವಿಮಾನ ನಿಲ್ದಾಣ ಬಂದಿತು. ದೊಡ್ಡಬಳ್ಳಾಪುರದ ಬಾಶೆಟ್ಟಿಹಳ್ಳಿಯ ಕಡೆ ಕೈಗಾರಿಕಾ ಪ್ರದೇಶವೂ ಸಿದ್ಧ ಉಡುಪಿನ ಅಪಾರೆಲ್ ಪಾರ್ಕೂ ಎದ್ದುವು. ಹಿಂದೆ ಈ ಜಿಲ್ಲೆಗೇ ಸೇರಿದ್ದು 2007ರಲ್ಲಿ ರಾಮನಗರ ಜಿಲ್ಲೆಗೆ ಹೋದ ಬಿಡದಿಯಲ್ಲಿ, ಅದೇ ವರ್ಷ, ಟೊಯೋಟಾ ಕಂಪೆನಿಯು ತಾಂತ್ರಿಕ ತರಬೇತಿ ಸಂಸ್ಥೆಯೊಂದನ್ನು ತೆರೆದು, ಹತ್ತನೆಯ ತರಗತಿ ಮುಗಿಸಿದ ಬಡ ಹಳ್ಳಿಮಕ್ಕಳನ್ನು ಆರಿಸಿ, ಊಟ ವಸತಿ ಕೊಟ್ಟು ಮೂರು ವರ್ಷ ಕಲಿಸುವ ಪದ್ಧತಿಯನ್ನು ಹಾಕಿತು. ಕಲಿಯುವವನ ಅನ್ನದ ಹೊರೆಯನ್ನು ಕಾರ್ಖಾನೆಯೇ ಹೊತ್ತದ್ದು ಈ ಸೀಮೆಗೆ ಅಪರೂಪದ ಸಂಗತಿ. ಅಪಾರೆಲ್ ಪಾರ್ಕಿನ ಬಾಗಿಲಲ್ಲಿ ಬೆಳಗ್ಗೆ ವ್ಯಾನಿನಿಂದ ಇಳಿಯುವ ಹೆಂಗಸರಿಗಾದರೋ ಅಷ್ಟು ದೀರ್ಘವಾದ ಕಲಿಕೆಯಿಲ್ಲ. ಹೆಲ್ಪರ್ ಆಗಿ ಸೇರಿದವಳು ದಾರ ಕತ್ತರಿಸುತ್ತ, ತುಂಡುಗಳನ್ನು ಜೋಡಿಸಿಕೊಡುತ್ತ ಇದ್ದು, ಕೆಲವು ವಾರಗಳಲ್ಲಿ ಹೊಲಿಗೆಯಂತ್ರದ ಮುಂದೆ ಕುಳಿತು ಟೈಲರ್ ಎನಿಸಿಕೊಳ್ಳುತ್ತಾಳೆ. ಕಲಿಯುವುದು ಕಾಲರಿನ ಒಂದು ಹೊಲಿಗೆ, ಇಲ್ಲವೆ ತೋಳಿನ ಒಂದು ಹೊಲಿಗೆ. ಅಂಗಿಯನ್ನು ಪೂರ್ತಿ ಹೊಲಿಯಬಲ್ಲವಳು ಲೈನಿನಲ್ಲಿ ಯಾರೂ ಇರಬೇಕಾದದ್ದಿಲ್ಲ. ಮಗ್ಗದ ಮನೆಯ ಮಗಳು ಮಗ್ಗಕ್ಕಿಳಿಯದೆ ನಿಂತ ಮೆಟ್ಟಲನ್ನು ದಾಟಿ ತನ್ನ ಹೆಸರಿನಲ್ಲಿ ಕೂಲಿ ಪಡೆದದ್ದು ಇಲ್ಲಿಯೇ ಎಂಬುದನ್ನೂ ಇದರ ಜೊತೆಗೇ ಹೇಳಬೇಕು. ಈ ಲಾಭವನ್ನು ಕಿರಿದುಮಾಡಿ ಹೇಳುವುದು ಅನ್ಯಾಯ.

ಈ ಕಾರ್ಖಾನೆಗಳ ಕಲಿಕೆಯನ್ನು ಲೆಕ್ಕ ಹಾಕಿ ನೋಡಿದವರೂ ಇದ್ದಾರೆ. ಅಚ್ಯುತ ಅಧ್ವರ್ಯು, ನಮ್ರತಾ ಕಾಲಾ, ಅನಂತ ನ್ಯಾಷಧಂ ಎಂಬ ಮೂವರು ಅರ್ಥಶಾಸ್ತ್ರಜ್ಞರು ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ, ಹೆಂಗಸರಿಗೆ ಕೆಲಸದ ಜಾಗದಲ್ಲಿಯೇ ಸಂವಹನ, ಸಮಯಪಾಲನೆ, ಸಮಸ್ಯೆಗಳನ್ನು ಬಿಡಿಸುವ ಬಗೆ ಇಂಥ ವಿಷಯಗಳನ್ನು ಕಲಿಸಿದ ಕಾರ್ಯಕ್ರಮವೊಂದನ್ನು ಪರೀಕ್ಷೆಗೊಳಪಡಿಸಿದರು. ಕಲಿಯಲು ಇಚ್ಛಿಸಿದವರಲ್ಲಿ ಲಾಟರಿ ಎತ್ತಿ ಕೆಲವರಿಗೆ ಕಲಿಸಿ, ಉಳಿದವರೊಂದಿಗೆ ಹೋಲಿಸಿ ನೋಡಿದ್ದು ಅವರ ಕ್ರಮ. 2018ರಲ್ಲಿ ಅವರು ಹೊರಡಿಸಿದ ಪ್ರಬಂಧದ ಪ್ರಕಾರ ಕಲಿತವರ ಕೆಲಸದ ಇಳುವರಿ ಶೇ. 20ರಷ್ಟು ಹೆಚ್ಚಿದ್ದಿತು, ಮುಂದೆ ಪರಿಷ್ಕರಿಸಿದ ಲೆಕ್ಕದಲ್ಲಿ ಇದು ಶೇ. 13ರ ಆಸುಪಾಸಿಗೆ ಇಳಿಯಿತು. ಹೇಗೆ ನೋಡಿದರೂ, ಕಾರ್ಯಕ್ರಮಕ್ಕೆ ಹಾಕಿದ ಹಣ ಮಾಲೀಕನಿಗೆ ಕೆಲವೇ ತಿಂಗಳಲ್ಲಿ ಹಲವು ಪಟ್ಟಾಗಿ ಹಿಂದಿರುಗಿತು. ಕಲಿತವರು ಕೆಲಸ ಬಿಟ್ಟು ಬೇರೆ ಕಡೆ ಹೋಗಿಯಾರೆಂಬ, ದೊಡ್ಡಬಳ್ಳಾಪುರದ ಮಗ್ಗದ ಮಾಲೀಕನ ಹಳೆಯ ಭಯವೂ ಇಲ್ಲಿ ನಿಜವಾಗಲಿಲ್ಲ; ಮುಂಗಡದ ಬೀಗವಿಲ್ಲದೆಯೂ ಅವರು ಉಳಿದವರಿಗಿಂತ ಹೆಚ್ಚಾಗಿ ಕೆಲಸ ಬಿಡಲಿಲ್ಲ. ಅದೇ ಪ್ರಬಂಧದಲ್ಲಿ ಅವರ ಕೂಲಿಯ ಲೆಕ್ಕವೂ ಇದೆ: ಅದು ಏರಿದ್ದು ಶೇ. 0.5ರಷ್ಟು.